ಕೋಚ್ ಸಾಹೇಬರ ಬಲಗಿವಿ

ಹೆಂಡತಿಗೇ ತರಬೇತಿ ಕೊಡಲು ಹೊರಟ ಗಂಡಸಿನ ಮೇಲೆ ಯಾರಿಗೂ ಕನಿಕರ ಬರುವುದಿಲ್ಲ. ಕೋಚ್ ಸಾಹೇಬರ ಮೇಲೂ ಬರಲಿಲ್ಲ. ಅಂದು ಬೆಳಿಗ್ಗೆ ಅವರು ಮಾಡಿದ್ದಾದರೂ ಏನು? ಕಾಫಿ ಲೋಟ ಕೈಗೆ ತೆಗೆದುಕೊಂಡು, ಒಂದು ಗುಟುಕು ಹೀರಿ, ತಾವು ಕಂಡಕಂಡ ಮ್ಯಾನೇಜರುಗಳಿಗೆ ಕಲಿಸುವ ಪದ್ಧತಿಯಲ್ಲೇ ತಮ್ಮ ಅಭಿಪ್ರಾಯ ತಿಳಿಸಿದರು, ಅಷ್ಟೇ.

“ಲೋಟ ತುಂಬಾ ಚೆನ್ನಾಗಿದೆ ಕಣೇ. ಕಾಫಿಗೆ ಸಕ್ಕರೆ ಬಿದ್ದಿಲ್ಲ. ಆದ್ರೆ ಲೋಟ ಮಾತ್ರ, ಆಹಾ, ತುಂಬಾ ಚೆನ್ನಾಗಿದೆ.”

“ಹಾಗಾದ್ರೆ ಲೋಟಾನೇ ಕುಡೀರಿ!” ಎಂದು ಹೆಂಡತಿ ಲೋಟ ಕಸಿದುಕೊಂಡು ಕಾಫಿಯನ್ನು ಸಿಂಕಿಗೆ ಸುರಿದಳು.

ಮೊದಲು ಹೊಗಳು, ನಡುವೆ ತೆಗಳು, ಕೊನೆಗೆ ಮತ್ತೆ ಹೊಗಳು: ಇದು ಸಾಹೇಬರ ಪದ್ಧತಿ. ಇದರಿಂದ ಎದುರಿನವರ ಮನಸ್ಸು ನೋಯುವುದಿಲ್ಲವಂತೆ. (ಹೆಂಡತಿಯ ಮನಸ್ಸಿನ ಸುದ್ದಿ ಬಿಡಿ, ಆ ಸಿಂಕಿನ ನಲ್ಲಿಗೂ ಕೇಳಿ ನೋವಾಗಿತ್ತೋ ಏನೋ, ಹನ್ನೊಂದು ದಿನದಿಂದ ಒಂದೇ ಸಮನೆ ಅಳುತ್ತಿತ್ತು. ಪ್ಲಂಬರು “ಬಂದೆ ಅಕ್ಕಾ, ದಾರೀಲಿದೀನಿ” ಎನ್ನುತ್ತಲೇ ಆ ಹನ್ನೊಂದು ದಿನವನ್ನೂ ದಾರಿಯಲ್ಲೇ ಕಳೆದಿದ್ದ.)

ಕೋಚ್ ಸಾಹೇಬರು ಎಂಬುದು ಹೆಂಡತಿಯ ಅಣ್ಣ, ಅಂದರೆ ಭಾವ, ಇಟ್ಟ ಅಡ್ಡಹೆಸರು. ಅವರು ಹದಿನೈದು ವರ್ಷ ಹಗಲೆಲ್ಲ ಸೋಪಿನ ಕಂಪನಿಯಲ್ಲಿ ಸೋಪು ಮಾರಿದವರು. ಸಂಜೆ ಹೊತ್ತು ಹವ್ಯಾಸಿ ನಾಟಕ ತಂಡದಲ್ಲಿ ರಾಜನಾಗಿ ಮೆರೆದವರು. ಹೋದ ವರ್ಷ ಇದ್ದಕ್ಕಿದ್ದಂತೆ ಅವರಿಗೆ ಜ್ಞಾನೋದಯವಾಯಿತು. ಸೋಪು ಮಾರುವುದೂ ನಾಟಕ, ರಾಜ್ಯ ಆಳುವುದೂ ವ್ಯಾಪಾರ. ಎರಡನ್ನೂ ಬೆರೆಸಿ ಕಂಪನಿಗಳ ದೊಡ್ಡವರಿಗೆ ಕಲಿಸಿದರೆ ಹೇಗೆ? ಮಾರನೆಯ ದಿನವೇ ರಾಜೀನಾಮೆ ಕೊಟ್ಟು, “ವಾಣಿಜ್ಯ ರಂಗ ತರಬೇತುದಾರ” ಎಂದು ಕಾರ್ಡು ಹೊಡೆಸಿ, ಕೂದಲನ್ನು ಹೆಗಲವರೆಗೆ ಬಿಟ್ಟರು.

ವರ್ಷ ತುಂಬುತ್ತ ಬಂದರೂ ಒಂದೂ ಕಂಪನಿ ಅವರನ್ನು ಎರಡನೆಯ ಸಲ ಕರೆಯಲಿಲ್ಲ. ಭಾವನದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. “ಒಂದು ವರ್ಷ ನೋಡ್ತೀನಪ್ಪಾ, ಆಮೇಲೆ ಬಂದು ನಮ್ಮ ಗೋಡೌನ್ ನೋಡ್ಕೋ” ಎಂದು ಹಿಂದೆಯೇ ಹೇಳಿಬಿಟ್ಟಿದ್ದರು. ಗೋಡೌನಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಂದು ಕುರ್ಚಿಯನ್ನೂ ಹಾಕಿಸಿದ್ದರು. ಹೋದ ವಾರ ಸಾಹೇಬರನ್ನು ಕರೆದು ಅದರ ಮೇಲೆ ಕೂರಿಸಿ, “ಎತ್ತರ ಸರಿಯಾಗಿದ್ಯಾ?” ಎಂದು ಕೇಳಿದ್ದರು. ಸಾಹೇಬರಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ. ಗಡುವಿನೊಳಗೆ ಉಳಿದಿದ್ದದ್ದು ಇವತ್ತಿನ ಒಂದೇ ಅವಕಾಶ: ಬೀಗ ತಯಾರಿಸುವ ದೊಡ್ಡದೊಂದು ಕಂಪನಿಯಲ್ಲಿ ಮೂವತ್ತು ಮಂದಿ ಮ್ಯಾನೇಜರುಗಳಿಗೆ ಒಂದು ಗಂಟೆಯ ಪಾಠ. ಒಪ್ಪಿಗೆಯಾದರೆ ವರ್ಷವಿಡೀ ವಾರಕ್ಕೊಂದು ತರಗತಿ, ಇಲ್ಲದಿದ್ದರೆ ಸೋಮವಾರದಿಂದ ಗೋಡೆ.

ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ಸಾಹೇಬರ ಕಂಠ ಕಂಚಿನದು, ನೆನಪು ಮಾತ್ರ ಜರಡಿ. ಅಷ್ಟು ವರ್ಷ ರಾಜನಾಗಿ ಮೆರೆದರಲ್ಲ, ಒಂದು ಮಾತನ್ನೂ ಬಾಯಿಪಾಠ ಮಾಡಿದವರಲ್ಲ. ಪರದೆಯ ಬಲಬದಿಯಲ್ಲಿ ಪುಸ್ತಕ ಹಿಡಿದು ನಿಂತು ಪಿಸುಗುಟ್ಟುತ್ತಿದ್ದವಳು ಇದೇ ಹೆಂಡತಿ. (ಅವಳಿಗೆ ಲೈಬ್ರರಿಯಲ್ಲಿ ಕೆಲಸ; ಪಿಸುಮಾತಿನಲ್ಲಿ ಅವಳನ್ನು ಮೀರಿಸಿದವರಿಲ್ಲ.) ಅವಳು ಉಸುರಿದ್ದು ಅವರ ಬಲಗಿವಿಗೆ ಬಿದ್ದು, ಅರೆಕ್ಷಣದಲ್ಲಿ ಬಾಯಿಂದ ಗರ್ಜನೆಯಾಗಿ ಹೊರಡುತ್ತಿತ್ತು. ಕಿವಿಗೂ ಬಾಯಿಗೂ ನೇರ ರಸ್ತೆ, ನಡುವೆ ತಲೆಯ ಹತ್ತಿರ ಗಾಡಿ ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ಯುದ್ಧದ ದೃಶ್ಯದಲ್ಲಿ ಹೆಂಡತಿ ಪಕ್ಕದ ಸೈನಿಕನಿಗೆ “ಸ್ವಲ್ಪ ಕಾಲು ತೆಗೀರಿ, ನನ್ನ ಚಪ್ಪಲಿ ಮೇಲೆ ನಿಂತಿದೀರಿ” ಎಂದಳಂತೆ. ರಾಜರು ಅದನ್ನೇ ಶತ್ರುವಿಗೆ ಗುಡುಗಿದರು. ಶತ್ರು ಬೆದರಿ ಎರಡು ಹೆಜ್ಜೆ ಹಿಂದೆ ಸರಿದ, ಜನ ಚಪ್ಪಾಳೆ ತಟ್ಟಿದರು.

ಈಗ ಪರದೆಯಿಲ್ಲ. ಅದಕ್ಕೇ ಹೆಗಲವರೆಗಿನ ಕೂದಲು; ಅದರ ಮರೆಯಲ್ಲಿ, ಬಲಗಿವಿಯೊಳಗೆ ಹುರಿಗಡಲೆಯಷ್ಟು ಚಿಕ್ಕ ಇಯರ್‌ಫೋನು. ಫೋನಿನ ಆ ತುದಿಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ, ರಜೆ ಹಾಕಿ, ನಲವತ್ತು ಪುಟದ ಭಾಷಣ ಹಿಡಿದು ಕೂರುವ ಹೆಂಡತಿ.

“ಕಾಫಿ ವಿಷಯ ಮನಸ್ಸಲ್ಲಿ ಇಟ್ಕೋಬೇಡ ಮಾರಾಯ್ತಿ. ಇವತ್ತೊಂದು ದಿನ ಕಾಪಾಡು,” ಎಂದರು ಸಾಹೇಬರು, ಚಪ್ಪಲಿ ಮೆಟ್ಟುತ್ತಾ.

“ಹೋಗ್ಬನ್ನಿ. ನಲವತ್ತು ಪುಟಾನೂ ಓದ್ತೀನಿ. ನೀವು ಆ ಕುರ್ಚೀಲಿ ಕೂತ್ರೆ ನನಗೇನು ಸಂತೋಷಾನಾ? ಹೋದ ವಾರ ನಿಮ್ಮ ಮುಖ ನೋಡಿ ಹೊಟ್ಟೆ ಉರಿದುಹೋಯ್ತು.”

ಹನ್ನೊಂದು ಗಂಟೆಗೆ ಪಾಠ ಶುರುವಾಯಿತು. ಉದ್ದನೆಯ ಮೇಜುಗಳ ಹಿಂದೆ ಇಪ್ಪತ್ತೊಂಬತ್ತು ಮಂದಿ ಮ್ಯಾನೇಜರುಗಳು; ಒಬ್ಬರು ಇನ್ನೂ ಬಂದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕಂಪನಿಯ ಒಡತಿ, ಬೆಳ್ಳಿಗೂದಲಿನ ಮೇಡಂ. ಹೆಂಡತಿ ಉಸುರಿದಳು, ಸಾಹೇಬರು ಗರ್ಜಿಸಿದರು. “ನಾಯಕತ್ವವೆಂಬುದು ಒಂದು ಮಹಾರಂಗಸ್ಥಳ! ನೀವೆಲ್ಲರೂ ಅದರ ಪಾತ್ರಧಾರಿಗಳು!” ಹದಿನೈದು ನಿಮಿಷದಲ್ಲಿ ನಾಲ್ವರು ಆಕಳಿಸಿದರು. ಲೆಕ್ಕಪತ್ರ ವಿಭಾಗದವರು ಕಣ್ಣು ಮುಚ್ಚಿ ಧ್ಯಾನಕ್ಕಿಳಿದರು. ಹಿಂದಿನ ಸಾಲಿನ ಮೇಡಂ ಗಡಿಯಾರ ನೋಡಿಕೊಂಡರು. ಸಾಹೇಬರ ಕಣ್ಣಮುಂದೆ ಗೋಡೆ ನಿಧಾನವಾಗಿ ಎದ್ದು ನಿಲ್ಲತೊಡಗಿತು.

ಅಷ್ಟರಲ್ಲಿ ಮನೆಯ ಕರೆಗಂಟೆ ಬಡಿದುಕೊಂಡಿತು. ಬಂದವನು ಪ್ಲಂಬರು! ಇವನನ್ನು ಕಳಿಸಿಬಿಟ್ಟರೆ ಇನ್ನು ಹನ್ನೊಂದು ದಿನ ಆಸಾಮಿ ನಾಪತ್ತೆ. ಒಂದು ನಿಮಿಷದಲ್ಲಿ ಕೆಲಸ ತೋರಿಸಿ ಬಂದುಬಿಡೋಣ ಎಂದು ಹೆಂಡತಿ ಫೋನಿನಲ್ಲಿ ಮಾತು ನಿಲ್ಲಿಸುವ ಗುಂಡಿ ಒತ್ತಿದಳು. ಗಾಬರಿಯಲ್ಲಿ ಎರಡು ಸಲ ಒತ್ತಿದಳು. ಮೊದಲನೆಯದಕ್ಕೆ ನಿಂತ ಮಾತು ಎರಡನೆಯದಕ್ಕೆ ಮತ್ತೆ ತೆರೆದುಕೊಂಡಿತು. ಅದು ತಿಳಿಯದೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಬಾಗಿಲು ತೆರೆದಳು.

“ಬಂದ್ಯೇನಪ್ಪಾ ಮಹಾನುಭಾವ! ಬರ್ತೀನಿ ಬರ್ತೀನಿ ಅಂತ ಕಾಯಿಸಿ ಕಾಯಿಸಿ ಈಗ ಬಂದ್ಯಾ?”

ಬಲಗಿವಿಗೆ ಬಿದ್ದದ್ದು ಬಾಯಿಂದ ಹೊರಟೇಬಿಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ಮಾರಾಟದ ಮ್ಯಾನೇಜರು ತಡವಾಗಿ ಬಂದು ಬಾಗಿಲ ಸಂದಿಯಿಂದ ನುಸುಳುತ್ತಿದ್ದರು. ಸಭೆಯೆಲ್ಲ ಗೊಳ್ಳೆಂದಿತು. ಆಕಳಿಸುತ್ತಿದ್ದ ನಾಲ್ವರೂ ಬಾಯಿ ಮುಚ್ಚಿ ನೆಟ್ಟಗೆ ಕುಳಿತರು.

ಸಾಹೇಬರು ಬೆವರಿದರು. ಇದು ನಲವತ್ತು ಪುಟದಲ್ಲಿ ಎಲ್ಲೂ ಇಲ್ಲವಲ್ಲ! ಬಾಯಿ ಬಿಗಿಹಿಡಿಯಬೇಕೆಂದುಕೊಂಡರು. ಆದರೆ ಅಷ್ಟು ವರ್ಷದ ಅಭ್ಯಾಸ ಕೇಳಬೇಕಲ್ಲ?

“ನೀರು ಸೋರ್ತಿರೋದು ಎಲ್ಲಿ, ನೀನು ಬಿಗಿ ಮಾಡ್ತಿರೋದು ಎಲ್ಲಿ?” ಎಂದು ಗುಡುಗಿದರು.

ಧ್ಯಾನದಲ್ಲಿದ್ದ ಲೆಕ್ಕಪತ್ರದವರು ಕಣ್ಣು ಬಿಟ್ಟರು.

“ಹೋದ ಸಲ ಸೋರಿದಾಗ್ಲೂ ಹೀಗೇ ಮಾಡ್ದೆ. ಕೆಳಗೆ ಒಂದು ಬಕೆಟ್ ಇಟ್ಟು ಹೋದೆ. ಅದು ತುಂಬಿದ್ಮೇಲೆ ಇನ್ನೂ ದೊಡ್ಡ ಬಕೆಟ್ ಇಡಿ ಅಂದೆ. ಬಕೆಟ್ ಇಟ್ರೆ ನಲ್ಲಿ ರಿಪೇರಿ ಆಗುತ್ತೇನಪ್ಪಾ?”

ಮೂವತ್ತೂ ಪೆನ್ನುಗಳು ಸರಸರ ಓಡಿದವು. ಉತ್ಪಾದನೆಯ ಮ್ಯಾನೇಜರು ಎದ್ದು ನಿಂತು, “ನಿಜ ಸಾರ್. ಬೀಗಗಳು ಕೆಟ್ಟು ವಾಪಸ್ ಬರ್ತಾನೇ ಇವೆ. ನಾವು ಅಚ್ಚು ಸರಿ ಮಾಡ್ಲಿಲ್ಲ. ವಾಪಸ್ ಬಂದಿದ್ದನ್ನ ಇಡೋಕೆ ಮೂರನೇ ಶೆಡ್ ಕಟ್ತಿದೀವಿ,” ಎಂದು ಒಪ್ಪಿಕೊಂಡರು.

“ಬರೀ ತಲೆ ಅಲ್ಲಾಡಿಸ್ಬೇಡ! ಬಗ್ಗಿ ನೋಡು!”

ಮೂವತ್ತು ಮಂದಿಯೂ ಮೇಜಿನ ಕೆಳಗೆ ಬಗ್ಗಿ ನೋಡಿದರು. ಒಬ್ಬರಿಗೆ ಕಳೆದ ವಾರ ಕಳೆದುಹೋಗಿದ್ದ ಕನ್ನಡಕವೂ ಸಿಕ್ಕಿತು.

“ಮೊದ್ಲು ಮೇನ್ ವಾಲ್ವ್ ಬಂದ್ ಮಾಡು ಅಂದ್ನಲ್ಲ, ಮಾಡಿದ್ಯಾ? ಯಾಕೆ ಮಾಡ್ಲಿಲ್ಲ? ಯಾರು ಮಾಡ್ಬೇಕಿತ್ತು, ನಾನಾ? ಅಯ್ಯಯ್ಯೋ! ಹಿಡ್ಕೋ! ಹಿಡ್ಕೋ! ಅಯ್ಯೋ, ನನ್ನ ಹೊಸ ಸೀರೆ!”

ಸೀರೆಯವರೆಗೂ ಸಾಹೇಬರು ಅಕ್ಷರಶಃ ಒಪ್ಪಿಸಿದರು. ಮುಂದೆ ಕಿವಿಯಲ್ಲಿ ಬುಳಕ್ ಎಂಬ ಸದ್ದಾಯಿತು, ಆಮೇಲೆ ಏನೂ ಇಲ್ಲ. (ಫೋನು ಬಕೆಟ್ಟಿಗೆ ಬಿದ್ದಿತ್ತು.) ಸಾಹೇಬರು ಬಾಯಿ ತೆರೆದುಕೊಂಡೇ ನಿಂತರು. ಅವರು ಕೈ ಮುಗಿದು, ಮೈಕು ಕೆಳಗಿಟ್ಟು, ಮೂಲೆಯ ಕುರ್ಚಿಯಲ್ಲಿ ಕುಸಿದು ಕುಳಿತರು. ಆ ಕುರ್ಚಿಯೂ ಗೋಡೆಗೇ ಮುಖ ಮಾಡಿತ್ತು.

“ನನ್ನ ರೂಮಿಗೆ ಬನ್ನಿ,” ಎಂದು ಹಿಂದಿನಿಂದ ಮೇಡಂ ಕರೆದರು.

ರೂಮಿನಲ್ಲಿ ಮೇಡಂ ಬಾಗಿಲು ಹಾಕಿಕೊಂಡು, ಕನ್ನಡಕ ತೆಗೆದು, ಸಾಹೇಬರನ್ನೇ ದಿಟ್ಟಿಸಿದರು.

“ಮೊದಲ ಹದಿನೈದು ನಿಮಿಷ ಬಹಳ ಬೇಜಾರಾಯ್ತು. ಆಮೇಲೆ ಹತ್ತು ನಿಮಿಷ, ಈ ಕಂಪನೀಲಿ ಯಾರೂ ಹೇಳೋಕೆ ಧೈರ್ಯ ಮಾಡದೇ ಇದ್ದ ಮಾತು ಕೇಳಿಸ್ತು. ಅದು ನಿಮ್ಮ ಮಾತಲ್ಲ. ಯಾರು ಆಕೆ?”

“ಯಾ... ಯಾರು ಮೇಡಂ?”

“ನನ್ನ ತಂದೆ ನಾಟಕದವರು. ಚಿಕ್ಕವಳಿದ್ದಾಗ ಪರದೆ ಹಿಂದೆ ಪುಸ್ತಕ ಹಿಡ್ಕೊಂಡು ನಾನೇ ಎಷ್ಟೋ ಸಲ ಮಾತು ಹೇಳಿಕೊಟ್ಟಿದೀನಿ. ಹೇಳಿಕೊಟ್ಟಿದ್ದನ್ನ ಕೇಳ್ತಿರೋ ನಟ ಕತ್ತು ಹೇಗೆ ವಾಲಿಸ್ತಾನೆ ಅಂತ ನನಗೆ ಗೊತ್ತು. ನೀವು ಶುರುವಿನಿಂದ್ಲೂ ಬಲಕ್ಕೇ ವಾಲಿದೀರಿ. ಅದೂ ಅಲ್ಲದೆ, ನೀವು ಸೀರೆ ಉಟ್ಟಿಲ್ಲ.”

ಸಾಹೇಬರು ತಲೆ ತಗ್ಗಿಸಿದರು. ಕೂದಲು ಸರಿದು ಇಯರ್‌ಫೋನು ಇಣುಕಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲವನ್ನೂ ಹೇಳಿಬಿಟ್ಟರು: ಜರಡಿ ನೆನಪು, ಹೆಂಡತಿ, ಪ್ಲಂಬರು, ಭಾವ, ಗೋಡೆ. ಹೇಳುತ್ತ ಹೇಳುತ್ತ ಎದೆ ಹಗುರವಾಯಿತು. ಅಷ್ಟು ವರ್ಷಗಳಲ್ಲಿ ಅವರು ಸ್ವಂತವಾಗಿ ಆಡಿದ ಅತಿ ಉದ್ದದ ಮಾತು ಬಹುಶಃ ಅದೇ.

ಮೇಡಂ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಒಂದು ಕಾಗದ ಮುಂದಕ್ಕೆ ತಳ್ಳಿದರು.

ಸಾಹೇಬರು ಮನೆಗೆ ಬಂದಾಗ ಅಡುಗೆಮನೆಯ ನೆಲವೆಲ್ಲ ನೀರು. ಹೆಂಡತಿ ಒದ್ದೆ ಸೀರೆಯಲ್ಲೇ ಮೋಟು ಸ್ಟೂಲಿನ ಮೇಲೆ ಕುಳಿತು ಅಳುತ್ತಿದ್ದಳು. ನಲ್ಲಿ ಮಾತ್ರ ಅಳು ನಿಲ್ಲಿಸಿತ್ತು.

“ಎಲ್ಲಾ ನಾನೇ ಹಾಳು ಮಾಡ್ದೆ ಕಣ್ರೀ. ನನ್ನನ್ನ ಬೈಯ್ರಿ. ಅಣ್ಣನ ಹತ್ರ ನಾನೇ ಮಾತಾಡ್ತೀನಿ, ಆ ಕುರ್ಚೀನ ಕಿಟಕಿ ಕಡೆಗಾದ್ರೂ ತಿರುಗಿಸಿ ಅಂತ ಕೇಳ್ಕೋತೀನಿ.”

“ಕುರ್ಚಿ ಬೇಡ್ವಂತೆ ಅಂತ ಹೇಳಿಬಿಡು. ಒಂದು ವರ್ಷದ ಕೆಲಸ ಸಿಕ್ತು.”

“ಆ ಭಾಷಣಕ್ಕಾ!”

“ಅದಕ್ಕಲ್ಲ. ಬಕೆಟ್ಟಿಗೆ.” ಸಾಹೇಬರು ಎಲ್ಲವನ್ನೂ ಬಿಡಿಸಿ ಹೇಳಿ ಕಾಗದ ಮುಂದೆ ಹಿಡಿದರು. “ಪ್ರತಿ ಶನಿವಾರ. ಮುಖ್ಯ ತರಬೇತುದಾರರು ನೀನು. ಪ್ಲಂಬರಿಗೆ ಬೈದ ಹಾಗೇ ಅವರಿಗೂ ಬೈಯ್ಬೇಕಂತೆ, ಒಂದಕ್ಷರಾನೂ ತಿದ್ದಬಾರದಂತೆ.”

ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. ನಕ್ಕಳು, ಮತ್ತೆ ಸ್ವಲ್ಪ ಅತ್ತಳು. ಸಾಹೇಬರಿಗೂ ಕಣ್ಣು ಮಂಜಾಯಿತು. ಎಷ್ಟೋ ದಿನಗಳ ಮೇಲೆ ಅವರಿಗೆ ಹೊಟ್ಟೆತುಂಬ ಊಟ ಮಾಡಬೇಕೆನಿಸಿತು. ಇನ್ನು ಗೋಡೆಯಿಲ್ಲ, ನಲವತ್ತು ಪುಟಗಳಿಲ್ಲ, ಕಿವಿಯಲ್ಲಿ ಹುರಿಗಡಲೆಯಿಲ್ಲ. ಅವರು ಅದೇ ಸಂಜೆ ಕೂದಲನ್ನೂ ಕತ್ತರಿಸಿಕೊಂಡು ಬಂದರು.

“ಅದಿರ್ಲಿ, ನಿಮಗೆ ಏನು ಪಾತ್ರ ಕೊಟ್ಟಿದಾರೆ?” ಎಂದು ಹೆಂಡತಿ ಕೇಳಿದಳು.

ಸಾಹೇಬರು ಗಂಟಲು ಸರಿಪಡಿಸಿಕೊಂಡರು. “ಪ್ಲಂಬರು.”

ಹದಿನೈದು ವರ್ಷ ಸಿಂಹಾಸನದಲ್ಲಿ ಕುಳಿತವರಿಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆಯೇ? ಶುಕ್ರವಾರ ಕಲಿಸಿಕೊಡಲು ನಿಜವಾದ ಪ್ಲಂಬರನ್ನೇ ಕರೆಸಿದರು. (ಈ ಸಲ ಅವನು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂದ, ನಾಟಕ ಅಂದರೆ ಯಾರಿಗೆ ಆಸೆಯಿಲ್ಲ?) ಸಾಹೇಬರು ಸಿಂಕಿನ ಕೆಳಗೆ ಮಲಗಿ, ಸ್ಪ್ಯಾನರನ್ನು ರಾಜದಂಡದಂತೆ ಎತ್ತಿ, “ಬಂದೆ ಅಕ್ಕಾ! ದಾರೀಲಿದೀನಿ!” ಎಂದು ದಿಕ್ಕು ನಡುಗುವಂತೆ ಗರ್ಜಿಸಿದರು. ಕೈ ಜಾರಿ ಸ್ಪ್ಯಾನರು ಅವರ ಹೊಟ್ಟೆಯ ಮೇಲೇ ಬಿತ್ತು.

“ಹೇಗಿತ್ತಪ್ಪಾ?” ಎಂದು ಮಲಗಿದಲ್ಲಿಂದಲೇ ಕೇಳಿದರು.

ಪ್ಲಂಬರು ಪೇಚಿಗೆ ಬಿದ್ದ. ದೊಡ್ಡವರಿಗೆ ಏನು ಹೇಳುವುದು, ಹೇಗೆ ಹೇಳುವುದು? ಅವನು ತಲೆ ಕೆರೆದುಕೊಂಡು ಮೆಲ್ಲನೆ ಬಲಕ್ಕೆ ಕತ್ತು ವಾಲಿಸಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಹೆಂಡತಿ ಏನೋ ಪಿಸುಗುಟ್ಟಿದಳು.

“ಸ್ಪ್ಯಾನರ್ ತುಂಬಾ ಚೆನ್ನಾಗಿದೆ ಸಾರ್,” ಎಂದ ಪ್ಲಂಬರು. “ಕೆಲಸ ಏನೇನೂ ಬರಲ್ಲ. ಆದ್ರೆ ಸ್ಪ್ಯಾನರ್ ಮಾತ್ರ, ಆಹಾ, ತುಂಬಾ ಚೆನ್ನಾಗಿದೆ.”