ಕಂಡಕ್ಟರನ ಹೊಟ್ಟೆ, ಕೈಗೆ ಕಟ್ಟಿದ ಬ್ಯಾಂಡು

ಪ್ರೈವೇಟ್ ಬಸ್ಸಿನ ಕಂಡಕ್ಟರಾದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗೇ ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ಹತ್ತಿಕೊಳ್ಳುತ್ತದೆ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ನಮ್ಮ ಬಸ್ಸಿಗೆ ಈ ವರ್ಷ ಹತ್ತಿದ ನಗುವೆಲ್ಲ ನನ್ನ ಹೊಟ್ಟೆಯದ್ದೇ.

ಕಟ್ಟುವ ಜಾಗ

ನಮ್ಮ ಓನರು ಹೊಸ ಬಸ್ಸು ತಂದರು. ಸೀಟು ಜಾಸ್ತಿ ಹಾಕಿಸುವ ಆಸೆಗೆ ನಡುವಿನ ದಾರಿ ಕಿರಿದಾಗಿತ್ತು. ಮೊದಲ ದಿನವೇ ಟಿಕೆಟ್ ಕೊಡುತ್ತ ಹೋದವನು ಅರ್ಧ ದಾರಿಯಲ್ಲಿ ಸೀಟುಗಳ ನಡುವೆ ಸಿಕ್ಕಿಬಿದ್ದೆ. ಹಿಂದಿದ್ದವರು ದೂಡಿ ಬಿಡಿಸಿದರು. ಸುದ್ದಿ ಓನರ ಕಿವಿಗೆ ಬಿತ್ತು.

"ದೀಪಾವಳಿ ಒಳಗೆ ಹೊಟ್ಟೆ ಇಳಿಸ್ಕೋ. ಇಲ್ದಿದ್ರೆ ಸ್ಟ್ಯಾಂಡಲ್ಲಿ ನಿಂತ್ಕಂಡು ಜನ ಕರೆಯೋ ಕೆಲಸ ಮಾಡು. ನಾನೇ ಬಂದು ನೋಡ್ತೀನಿ" ಅಂದರು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಓಡುವ ಬಸ್ಸಿನಲ್ಲೇ ತಲೆ ನರೆತವನಿಗೆ ನಿಂತಲ್ಲೇ ನಿಲ್ಲುವುದು ಶಿಕ್ಷೆ. ಮಗಳು ಹೆಜ್ಜೆ ಎಣಿಸುವ ಬ್ಯಾಂಡ್ ತರಿಸಿ ಕೈಗೆ ಕಟ್ಟಿದಳು. ಬಟ್ಟೆಮಲ್ಲಪ್ಪದಲ್ಲಿ ದಿನಾ ಹತ್ತುವ ಅಜ್ಜಿಯೊಬ್ಬರು, "ಎಂತದು ಮಾರಾಯ ಇದು?" ಎಂದರು.

"ಹೊಟ್ಟೆ ಇಳಿಸೋ ಪಟ್ಟಿ, ಅಜ್ಜಿ."

ಅಜ್ಜಿ ಕೈ ನೋಡಿದರು, ಹೊಟ್ಟೆ ನೋಡಿದರು. "ಹಂಗಾರೆ ಕೈಗ್ಯಾಕೆ ಕಟ್ಟಿದ್ದು? ಹೊಟ್ಟೆಗೆ ಉದ್ದ ಸಾಕಾಗ್ಲಿಲ್ವಾ?"

ತಗಡಿನ ಹೆಜ್ಜೆ

ಸಂಜೆಯಾಗುವುದರೊಳಗೆ ಬ್ಯಾಂಡು ಗುಂಯ್ ಎಂದು ನಡುಗಿ, ಇವತ್ತಿನ ಗುರಿ ಮುಟ್ಟಿತು ಎಂದು ಶಹಬ್ಬಾಸ್ ಕೊಟ್ಟಿತು. ಆ ಖುಷಿಗೆ ಹೊಸನಗರದ ಹೋಟೆಲಿನಲ್ಲಿ ಒಂದು ಪ್ಲೇಟ್ ಗೋಳಿಬಜೆ ತಿಂದೆ. ಮರುದಿನವೂ ಗುರಿ, ಮರುದಿನವೂ ಗೋಳಿಬಜೆ. ವಾರ ಕಳೆದರೂ ಬೆಲ್ಟು ಮಾತ್ರ ಇದ್ದಲ್ಲೇ ಇತ್ತು.

ಡ್ರೈವರಿಗೆ ಅನುಮಾನ ಬಂತು. "ಆವತ್ತು ಸಿಕ್ಕಿಬಿದ್ದ ಮೇಲೆ ನೀನು ಬಾಗಿಲು ಬಿಟ್ಟು ಕದಲಲ್ಲ, ಟಿಕೆಟನ್ನೂ ಅಲ್ಲೇ ಕೊಡ್ತೀಯ. ಇಷ್ಟೆಲ್ಲ ಎಲ್ಲಿ ನಡೆದೆ?"

ಸ್ಟಾಪು ಸ್ಟಾಪಿಗೂ "ರೈಟ್, ರೈಟ್" ಎಂದು ಬಸ್ಸಿನ ತಗಡು ಬಡಿಯುವುದು ನಮ್ಮ ಅಭ್ಯಾಸ. ಬ್ಯಾಂಡು ಇದ್ದದ್ದು ಅದೇ ಕೈಯಲ್ಲಿ. ಒಂದೊಂದು ಏಟನ್ನೂ ಅದು ಹೆಜ್ಜೆ ಎಂದು ಬರೆದುಕೊಂಡಿತ್ತು.

ಡ್ರೈವರು ಇಳಿದು ಹೋಗಿ ತಗಡು ಮುಟ್ಟಿ ನೋಡಿ ಬಂದ. "ಹೌದು ಮಾರಾಯ, ಇದು ಸಣ್ಣ ಆಗಿದೆ!"

ವಾಕಿಂಗು

ಹೆಂಡತಿ ಬ್ಯಾಂಡನ್ನು ಎಡಗೈಗೆ ಬದಲಿಸಿ ರಜೆಯ ದಿನ ನನ್ನನ್ನು ರಸ್ತೆಗೆ ಅಟ್ಟಿದಳು. ನಮ್ಮ ಕಡೆ ಗುರುತಿನವನು ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸದೆ ಹೋಗುವುದು ಮರ್ಯಾದೆಯಲ್ಲ. ನನಗೋ ಆ ರಸ್ತೆಯ ಬಸ್ಸುಗಳೆಲ್ಲ ಗುರುತಿನವೇ. "ಕಂಡಕ್ಟ್ರು ನಡ್ಕಂಡು ಹೋಗೋದಾ? ನಾವೆಲ್ಲ ಸತ್ತಿದೀವಾ?" ಎಂದು ಕೈ ಹಿಡಿದು ಎಳೆದು ಹತ್ತಿಸಿಕೊಂಡರು. ಬೇಡ ಅಂದರೆ ಕೋಪ. ಇಳಿದದ್ದು ಮನೆಯ ಮುಂದೆಯೇ.

"ಇದೆಂತ ವಾಕಿಂಗು? ಹೋಗಿದ್ದು ನಡ್ಕಂಡು, ಬಂದಿದ್ದು ಎಕ್ಸ್‌ಪ್ರೆಸ್ಸಲ್ಲಿ!" ಎಂದಳು ಹೆಂಡತಿ.

ಕೊನೆಗೆ ಬಸ್ಸೇ ಬರದ ಗುಡ್ಡದ ದಾರಿ ಹಿಡಿದೆ. ಎರಡನೇ ದಿನವೇ ಅಲ್ಲಿ ಹಾಲಿನ ಗಾಡಿಯವನು ಹಾರ್ನ್ ಹೊಡೆದ.

ಪರೀಕ್ಷೆ

ದೀಪಾವಳಿ ಬಂದೇಬಿಟ್ಟಿತು. ಗೋಳಿಬಜೆ ಬಿಟ್ಟಿದ್ದಕ್ಕೆ ಬೆಲ್ಟು ಒಂದು ತೂತು ಒಳಗೆ ಹೋಗಿತ್ತು. ಈ ಬಸ್ಸಿನ ನಡುವಿನ ದಾರಿಯಲ್ಲಿ ತೂರಲು ಇನ್ನೂ ಎರಡು ತೂತು ಬೇಕಿತ್ತು. ಓನರು ಸಾಗರದಲ್ಲಿ ಹತ್ತಿ ತೀರಾ ಮುಂದಿನ ಸೀಟಿನಲ್ಲಿ ಕೂತು, ಬಟ್ಟೆಮಲ್ಲಪ್ಪ ದಾಟಿದ ಮೇಲೆ, "ಹಿಂದಿಂದ ಟಿಕೆಟ್ ಮಾಡ್ಕಂಡು ಬಾ" ಎಂದರು. ಬಸ್ಸು ತುಂಬಿ ತುಳುಕುತ್ತಿತ್ತು.

ಡ್ರೈವರ ಬಾಯಲ್ಲಿ ವಿಷಯ ಆಗಲೇ ಬಸ್ಸಿಗೆಲ್ಲ ಹಬ್ಬಿತ್ತು. ಬಟ್ಟೆಮಲ್ಲಪ್ಪದ ಅಜ್ಜಿ ಎದ್ದು ನಿಂತು ಮೆಲ್ಲಗೆ, "ಉಸಿರು ಹಿಡ್ಕಳ್ರಾ, ಕಂಡಕ್ಟ್ರು ಬಂದ್ರು!" ಎಂದರು. ಕಾಲೇಜು ಮಕ್ಕಳು ಚೀಲ ತಲೆಯ ಮೇಲಿಟ್ಟರು. ನಿಂತಿದ್ದವರು ಕೂತವರ ತೊಡೆಯ ಮೇಲೆ ಕೂತರು. ಇಡೀ ಬಸ್ಸು ಹೊಟ್ಟೆ ಒಳಗೆ ಎಳೆದುಕೊಂಡಿತು. ನಾನು ಎಲ್ಲೂ ತಾಗದೆ ಟಿಕೆಟ್ ಹರಿಯುತ್ತ ಮುಂದೆ ಬಂದೆ. ಕಣ್ಣಲ್ಲಿ ನೀರು ಬಂತು. ಬೆವರು ಎಂದು ಒರೆಸಿಕೊಂಡೆ.

"ಪರವಾಗಿಲ್ಲ, ಚೆನ್ನಾಗಿ ಕರಗಿದೀಯ" ಎಂದರು ಓನರು. ಅಷ್ಟಕ್ಕೇ ಸುಮ್ಮನಿರದೆ, ಹಿಂದಿನ ಸೀಟುಗಳನ್ನು ತಾವೇ ನೋಡಿ ಬರುತ್ತೇನೆಂದು ಎದ್ದು ಹೊರಟರು. ಅಷ್ಟರಲ್ಲಿ ಜನ ಹಿಡಿದ ಉಸಿರು ಬಿಟ್ಟಿದ್ದರು. ಓನರು ಅರ್ಧ ದಾರಿಯಲ್ಲಿ ಗಕ್ಕನೆ ನಿಂತರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾನು ಹಿಂದಿನಿಂದ ದೂಡಿದೆ, ಅಜ್ಜಿ ಮುಂದಿನಿಂದ ಎಳೆದರು.

ಬಿಡಿಸಿಕೊಂಡ ಓನರು ಅಂಗಿ ಸರಿಮಾಡಿಕೊಂಡು, ನನ್ನ ಹೆಗಲ ಮೇಲೆ ಕೈಹಾಕಿ ಗಂಭೀರವಾಗಿ ಹೇಳಿದರು: "ನಾಳೆನೇ ಸೀಟು ಕೀಳಿಸ್ತೀನಿ. ತಪ್ಪು ನಮ್ಮ ಬಾಡೀದಲ್ಲ ಮಾರಾಯ, ಬಸ್ಸಿನ ಬಾಡೀದು!"