ಮಗುವಿನ ಪಾಲಿನ ಜೇನು

ಊರಿನವರ ಬೀಗಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಅವನಿಗೆ ತನ್ನ ಮನೆಯ ಬಾಗಿಲು ಹಾಕಿಕೊಳ್ಳುವಷ್ಟು ಧೈರ್ಯವಿರಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ 'ಇಲ್ಲ' ಎಂದವನಲ್ಲ. ಅಂಥವನನ್ನು ಹೆಂಡತಿ ಅಂದು ಬೆಳಿಗ್ಗೆ ಕಾವಲಿಗೆ ಕೂರಿಸಿದಳು.

"ರಾತ್ರಿಯೆಲ್ಲ ನಿದ್ದೆಯಿಲ್ಲ, ನಾನೂ ಮಗೂನೂ ಇವತ್ತು ಒಳಗೇ ಮಲಗಿರ್ತೀವಿ. ಯಾರು ಏನು ತಂದ್ರೂ ಮಗು ಬಾಯಿಗೆ ಹೋಗಬಾರದು. ಆರು ತಿಂಗಳು ನನ್ನ ಹಾಲೊಂದೇ."

"ಈ ಸೆಖೇಲಿ ಒಂದು ಗುಟುಕು ನೀರೂ ಬೇಡ್ವೇನೇ?"

"ಹಾಲಲ್ಲೇ ಬೇಕಾದಷ್ಟು ನೀರಿದೆ, ನರ್ಸಮ್ಮ ಬಿಡಿಸಿ ಹೇಳಿದ್ದಾರೆ. ನಿಮ್ಮಕ್ಕನ ಮಗು ಸಕ್ಕರೆ ನೀರು ಕುಡಿದು, ಭೇದಿಯಾಗಿ ಆಸ್ಪತ್ರೆ ಸೇರಿದ್ದು ಮರೆತ್ರಾ?"

ಮರೆತಿರಲಿಲ್ಲ. ಅವನು ಮುಂದಿನ ಕೋಣೆಯಲ್ಲಿ ಬೀಗದ ಕೈ ಉಜ್ಜುತ್ತಾ ಕೂತ.

ಹತ್ತು ಗಂಟೆಗೆ ಪಕ್ಕದ ಮನೆಯ ಅಜ್ಜಿ ಜೇನಿನ ಬಟ್ಟಲು ಹಿಡಿದು ಬಂದರು. "ನಿನ್ನೆ ಮಗು ಅಳ್ತಿತ್ತಪ್ಪ, ಹಾಲು ಸಾಲ್ತಿಲ್ಲ. ಹೋಗಿ ನೆಕ್ಕಿಸು. ಬಟ್ಟಲು ತೊಗೊಂಡೇ ಹೋಗ್ತೀನಿ."

ಅವನು ಬಾಯಿ ತೆರೆದ, ಮಾತು ಹೊರಡಲಿಲ್ಲ. ಪರದೆಯ ಹಿಂದೆ ಹೋಗಿ, ಬೇರೆ ದಾರಿ ಕಾಣದೆ, ತಾನೇ ನೆಕ್ಕಿ ಖಾಲಿ ಬಟ್ಟಲು ತಂದುಕೊಟ್ಟ.

"ಪಾಪ, ಎಷ್ಟು ಹಸಿದಿತ್ತು ನೋಡು!" ಎಂದು ಅಜ್ಜಿ ಬೀದಿಗೆಲ್ಲ ಸಾರಿದರು. ಮಹಡಿಮನೆಯ ಮೇಷ್ಟ್ರು ಸಕ್ಕರೆ ನೀರು ತಂದರು. ಎದುರುಮನೆಯಾಕೆ ಮೊದಲು ಕಷಾಯ, ಅದು ಖಾಲಿಯಾದ ಸಂತೋಷಕ್ಕೆ ಒಂದು ಪಾತ್ರೆ ಗಂಜಿ ತಂದರು. ಸಂಜೆಯ ಹೊತ್ತಿಗೆ ಬೀಗದವನಿಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

ಆಗ ನರ್ಸಮ್ಮ ತೂಕದ ಯಂತ್ರ ಹಿಡಿದು ಬಂದರು. ಹಿಂದೆಯೇ ಬೀದಿಯೂ ಬಂತು. ಹೆಂಡತಿ ಒಳಗಿನಿಂದ ಮಗುವನ್ನು ಎತ್ತಿ ತಂದಳು, ನರ್ಸಮ್ಮ ತೂಗಿದರು.

"ಹೋದ ತಿಂಗಳಿಗಿಂತ ಒಂಬೈನೂರು ಗ್ರಾಂ ಜಾಸ್ತಿ!"

"ನನ್ನ ಜೇನು!" ಎಂದರು ಅಜ್ಜಿ. "ನನ್ನ ಗಂಜಿ!" ಎಂದರು ಎದುರುಮನೆಯಾಕೆ. "ಮುಂದಿನ ವಾರ ನಮ್ಮ ಸೊಸೆಗೆ ಹೆರಿಗೆ. ಹುಟ್ಟಿದ ದಿನಾನೇ ಶುರು ಮಾಡಿಬಿಡ್ತೀನಿ."

ಬೀಗದವನು ಕಷ್ಟಪಟ್ಟು ಎದ್ದು ನಿಂತ. ಅಕ್ಕನ ಮಗು ಆಸ್ಪತ್ರೆಯಲ್ಲಿ ಮಲಗಿದ್ದುದು ಕಣ್ಣ ಮುಂದೆ ಬಂತು.

"ಇಲ್ಲ!" ಎಂದ. ಜೀವಮಾನದ ಮೊದಲ 'ಇಲ್ಲ' ಅದು, ಅವನೇ ಬೆಚ್ಚಿಬಿದ್ದ. "ಮಗು ಒಂದು ಹನೀನೂ ಮುಟ್ಟಿಲ್ಲ. ಎಲ್ಲಾ ತಿಂದಿದ್ದು ನಾನು."

ನರ್ಸಮ್ಮ ನಕ್ಕರು. "ಹಾಗಾದ್ರೆ ತೂಕ ಏರಿಸಿದ್ದು ಅಮ್ಮನ ಹಾಲೊಂದೇ."

ಅಜ್ಜಿ ಮಗುವಿನ ತಾಯಿಯ ತಲೆ ನೇವರಿಸಿದರು. "ನಮಗ್ಯಾರೂ ಇದನ್ನ ಹೇಳಿಕೊಡಲಿಲ್ಲ ಕಣಮ್ಮ."

"ಹಾಗನ್ನಬೇಡಿ ಅಜ್ಜಿ. ನಮ್ಮ ಮಗೂಗೆ ಅಂತ ಇಷ್ಟು ಜನ ಓಡಿಬಂದ್ರಲ್ಲ, ಈ ಋಣ ಹೇಗೆ ತೀರಿಸಲಿ?" ಎಂದಳು ಅವಳು. ಕಣ್ಣು ತುಂಬಿತ್ತು. ಎದುರುಮನೆಯ ಸೊಸೆಗೆ ಎಲ್ಲವನ್ನೂ ತಾನೇ ಹೇಳಿಕೊಡುವುದಾಗಿಯೂ ಹೇಳಿದಳು. ಇಂಥ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯವೆಂದು ಬೀಗದವನಿಗೆ ನಿಜವಾಗಿ ಅನ್ನಿಸಿತು.

"ಹಾಗಾದ್ರೆ ತಿನ್ನಬೇಕಾದವಳು ನೀನು!" ಎಂದು ಎಲ್ಲರೂ ಮನೆಗೆ ಓಡಿದರು. ಅರ್ಧ ಗಂಟೆಯಲ್ಲಿ ಅವಳ ಮುಂದೆ ಏಳು ಪಾತ್ರೆ ಕೂತಿದ್ದವು. ಅಜ್ಜಿ ಖಾಲಿ ಬಟ್ಟಲಿಗಾಗಿ ಕಾದು ಕೂತರು.

ಹೊಟ್ಟೆ ತುಂಬಾ ಉಂಡ ಮೇಲೂ ಐದು ಪಾತ್ರೆ ಉಳಿದವು. ಅವಳು ಅಜ್ಜಿಯ ಮುಖ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಗಂಡನನ್ನು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ರೀ, ಬೇಡ ಅನ್ನೋಕೆ ನನಗೂ ಬಾಯಿ ಬರ್ತಿಲ್ಲ. ಹೇಗೂ ನಿಮಗೆ ಅಭ್ಯಾಸ ಆಗಿದೆಯಲ್ಲ…"

ಬೀಗದವನು ಚಮಚ ತೆಗೆದುಕೊಂಡ.