ನಿಲ್ಲದ ಕಾರಿಗೊಂದು ಸ್ವಾಗತ ಮೆರವಣಿಗೆ

ಸ್ಪ್ಯಾನಿಷ್ ಭಾಷೆಯ ಒಂದಕ್ಷರ ಬಾರದಿದ್ದರೂ ಸ್ಪ್ಯಾನಿಷ್ ಸಿನಿಮಾ ನೋಡಿ ಸಿಟ್ಟಿನಿಂದ ಎದ್ದು ನಿಂತ ಎಸಿ ಮೆಕ್ಯಾನಿಕ್ ಇಡೀ ಬಹರೈನಿನಲ್ಲಿ ನನ್ನ ಚಿಕ್ಕಪ್ಪ ಒಬ್ಬರೇ ಇರಬೇಕು! ಲಿಫ್ಟಿನಲ್ಲಿ ಯಾರಾದರೂ ಸಲಾಮಿಗೆ ಮರುಸಲಾಂ ಹೇಳಲಿಲ್ಲವೋ, ಇವರು ಅವರ ಮಹಡಿಯವರೆಗೂ ಬೆನ್ನುಬಿದ್ದು ಹೋಗಿ, ಸಲಾಂ ವಸೂಲು ಮಾಡಿಕೊಂಡೇ ಇಳಿದು ಬರುತ್ತಾರೆ. ಇಂಥವರ ಹೆಂಡತಿಗೆ ಅವಮಾನ ಮಾಡಿ ದಕ್ಕಿಸಿಕೊಳ್ಳುವುದುಂಟೇ?

ಆದದ್ದಿಷ್ಟು. ಇಲ್ಲಿನ ನಮ್ಮ ಕನ್ನಡಿಗರ ಸಂಘದ ವಾರ್ಷಿಕೋತ್ಸವಕ್ಕೆ ಊರಿನಿಂದ ಮುಖ್ಯ ಅತಿಥಿ ಬರಲೇಬೇಕು, ಹೆಂಗಸರು ಕಲಶ ಹಿಡಿದು ನಿಲ್ಲಲೇಬೇಕು. ಕಳೆದ ವರ್ಷ ನರ್ಸ್ ಚಿಕ್ಕಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವರು, ಜಿಂಜ್ ಬಡಾವಣೆಯ ಸಭಾಂಗಣದ ಮುಂದೆ ಕಲಶ ಹಿಡಿದು ನಿಂತರು, ನಿಂತೇ ಇದ್ದರು. ಅತಿಥಿಯ ಕಾರು ಅವರ ಮೂಗಿನ ಮುಂದೆಯೇ ಹಾದು ಹಿಂಬಾಗಿಲಿಗೆ ಹೋಯಿತು! "ಇನ್ನು ಯಾವನಿಗೂ ನಾನು ಕಲಶ ಹಿಡಿಲಿಕ್ಕಿಲ್ಲ" ಎಂದರು ಚಿಕ್ಕಮ್ಮ. ಆ ರಾತ್ರಿ ಊಟ ಮಾಡಲಿಲ್ಲ.

ಕೆಲವು ತಿಂಗಳ ಮೇಲೆ, ಗುಫೂಲ್ ಬಡಾವಣೆಯ ಚಿಕ್ಕಪ್ಪನ ಫ್ಲ್ಯಾಟಿನಲ್ಲಿ ನಾನೊಂದು ಹಳೆಯ ಕಪ್ಪು-ಬಿಳುಪು ಸ್ಪ್ಯಾನಿಷ್ ಸಿನಿಮಾ ಹಾಕಿದೆ. ವಿದೇಶದ ದೊಡ್ಡವರು ಬರುತ್ತಾರೆಂದು ಒಂದು ಹಳ್ಳಿಗೆ ಹಳ್ಳಿಯೇ ವೇಷ ಕಟ್ಟಿ ಕಾಯುತ್ತದೆ. ಕಾರುಗಳು ಧೂಳೆಬ್ಬಿಸಿ ಹಾಗೇ ಹೋಗಿಬಿಡುತ್ತವೆ. ಚಿಕ್ಕಪ್ಪ ಎದ್ದು ನಿಂತರು.

"ಇದು ನಮ್ಮ ಸಂಘದ ಕಥೆ ಮಾರಾಯ! ಇವರಿಗೆ ಯಾರು ಹೇಳಿದ್ದು?"

ಅಂದೇ ತೀರ್ಮಾನವಾಯಿತು. ಈ ಸಲ ಸಭಾಂಗಣದ ಎದುರಿನ ಗಲ್ಲಿಯಲ್ಲಿ ಬೀದಿನಾಟಕ. ಕಾರು ನಿಲ್ಲದೆ ಹೋಗುತ್ತದೆ. ಆದರೆ ನಮ್ಮವರು ಅಳುವುದಿಲ್ಲ. ಚೆಂಡೆ, ಹುಲಿವೇಷದ ಸಮೇತ ತಮಗೆ ತಾವೇ ಮೆರವಣಿಗೆ ಮಾಡಿಕೊಳ್ಳುತ್ತಾರೆ. ನಾಟಕಕ್ಕಾದರೆ ಆಯಿತೆಂದು ಚಿಕ್ಕಮ್ಮನೂ ಕಲಶ ಹಿಡಿಯಲು ಒಪ್ಪಿದರು. ಅಧ್ಯಕ್ಷರು ಹೌಹಾರಿದರು.

"ಅತಿಥಿಗೆ ಬೇಜಾರಾದ್ರೆ?"

"ಆಗ್ಲಿ. ನಮಗೆ ಆಗ್ಲಿಲ್ವಾ?"

"ನಿಮ್ಮನ್ನು ಸಂಘದಿಂದ ತೆಗಿಬೇಕಾಗ್ತದೆ."

"ತೆಗೀರಿ. ಗಲ್ಲಿಯ ಪರ್ಮಿಷನ್ ನನ್ನ ಹೆಸರಲ್ಲುಂಟು."

ಕೊನೆಗೆ, ಅತಿಥಿ ಬರುವ ಮೊದಲೇ ನಾಟಕ ಮುಗಿಸಬೇಕೆಂದು ರಾಜಿಯಾಯಿತು. ಅತಿಥಿ ಬರುವುದು ಆರಕ್ಕೆ. ಅಂದರೆ ಎಂಟಕ್ಕೆ ಎಂದು ಯಾರಿಗೆ ಗೊತ್ತಿಲ್ಲ! ಹಾಗಾಗಿ ನಾಟಕ ಆರಕ್ಕೆ. ಬಾಡಿಗೆಯ ಕರಿ ಕಾರಿನಲ್ಲಿ ಕೋಟು ತೊಟ್ಟು ಹಾದುಹೋಗುವ ಅತಿಥಿಯ ಪಾತ್ರ ಚಿಕ್ಕಪ್ಪನದೇ.

ಆರಕ್ಕೆ ಸರಿಯಾಗಿ ಗಲ್ಲಿಗೆ ಕರಿ ಕಾರು ಬಂತು. ಚೆಂಡೆ ಮೊಳಗಿತು. ಕಾರು ಸಭಾಂಗಣದ ಮುಂದೆ ನಿಧಾನವಾಯಿತು. ಅರೆ, ನಿಲ್ಲಬಾರದಲ್ಲ! "ಹೋಗಿ, ಹೋಗಿ!" ಎಂದು ಕಲಶದ ಹೆಂಗಸರೆಲ್ಲ ಕೈ ಬೀಸಿದರು. ಹುಲಿಯೊಂದು ಬಾನೆಟ್ ತಟ್ಟಿ ಮುಂದಕ್ಕೆ ಅಟ್ಟಿತು. ಕಿಟಕಿಯೊಳಗಿನಿಂದ ಯಾರೋ ಕೈಮುಗಿಯುತ್ತಿದ್ದರು. ಕಾರು ಬೆದರಿ ಮುಂದಿನ ಸಿಗ್ನಲ್ ದಾಟಿಯೇ ಹೋಯಿತು.

ಅದರ ಹಿಂದೆಯೇ ಇನ್ನೊಂದು ಕರಿ ಕಾರು. ಒಳಗೆ ಚಿಕ್ಕಪ್ಪ!

ನಮ್ಮ ಸಂಘ ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಬ್ಬ ಮುಖ್ಯ ಅತಿಥಿ ಸಮಯಕ್ಕೆ ಸರಿಯಾಗಿ ಬಂದಿದ್ದರು, ನಾವು ಓಡಿಸಿಬಿಟ್ಟಿದ್ದೆವು! ಇದರಲ್ಲಿ ನಮ್ಮ ತಪ್ಪೇನಿದೆ, ನೀವೇ ಹೇಳಿ?

ಅಧ್ಯಕ್ಷರು ಓಡಿ ಬಂದು ಕೂಗಿದರು: "ನಿಲ್ಸಿ ನಾಟಕ! ಅವರನ್ನು ವಾಪಸ್ ಕರೀಬೇಕು. ಕಲಶದವರು ಮಾತ್ರ ಕದಲ್ಬೇಡಿ!"

ಮತ್ತೆ ಕಾಯಬೇಕು! ಚಿಕ್ಕಮ್ಮನ ಮುಖ ಸಣ್ಣದಾಯಿತು. ನಿಲ್ಲದೆ ಹೋಗಬೇಕಿದ್ದ ಚಿಕ್ಕಪ್ಪ ಕಾರು ನಿಲ್ಲಿಸಿ ಇಳಿದರು. ನೆಟ್ಟಗೆ ಹೋಗಿ ಚಿಕ್ಕಮ್ಮನ ಕೈಯಿಂದ ಕಲಶ ತೆಗೆದುಕೊಂಡರು.

"ನೀನು ಮುಂದೆ ನಡಿ. ಇದನ್ನು ನಾನು ಹಿಡಿತೇನೆ."

"ಗಂಡಸರು ಕಲಶ ಹಿಡಿಲಿಕ್ಕುಂಟಾ?" ಅಧ್ಯಕ್ಷರು ಬಾಯಿಬಿಟ್ಟರು.

"ಇವತ್ತಿನಿಂದ ಉಂಟು. ಬಾರಿಸ್ರೋ ಚೆಂಡೆ!"

ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ, ಎಲ್ಲಿ ನೋಡಬೇಕೆಂದು ತಿಳಿಯದೆ, ಸೆರಗನ್ನು ಮುದುರುತ್ತ ಚಿಕ್ಕಮ್ಮ. ಅವರ ಹಿಂದೆ ಕೋಟು ತೊಟ್ಟು, ಒಂದು ಹನಿಯೂ ಚೆಲ್ಲದಂತೆ ಕಲಶ ಹಿಡಿದ ಚಿಕ್ಕಪ್ಪ.

"ಎಂಥದು ನಿಮ್ಮದು, ಎಲ್ಲ ನೋಡ್ತಾ ಇದ್ದಾರೆ" ಎಂದರು ಚಿಕ್ಕಮ್ಮ, ತಿರುಗಿ ನೋಡದೆ.

"ನೋಡ್ಲಿ. ತಲೆ ಎತ್ತು, ನಿನ್ನ ಮುಖ ಕಾಣುದಿಲ್ಲ ಅವರಿಗೆ."

ಚಿಕ್ಕಮ್ಮ ತಲೆ ಎತ್ತಿದರು. ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ, ಹಾಗೇ ನಡೆದರು.